ನಲವತ್ತೊಂದನೇ ಸೆಕೆಂಡು

ಎಡ ಅಂಚಿನಿಂದ ಮೌಸ್ ಎಷ್ಟು ದೂರ,
ಅದನ್ನು ಪರದೆಯ ಅಗಲದಿಂದ ಭಾಗಿಸಿ
ತೊಂಬತ್ತಾರು ಸೆಕೆಂಡಿಗೆ ಗುಣಿಸು:
ಜಟ್ಟಪ್ಪ ಗುಡಿಗಾರರ ಕೈ ಅಲ್ಲಿರುತ್ತದೆ.
ಮೂರು ಸಾಲಿನ ಕೋಡು.

ಸಾಗರದ ಅವರ ಅಂಗಡಿಯಲ್ಲೇ
ಲ್ಯಾಪ್‌ಟಾಪ್ ಬಿಚ್ಚಿ ತೋರಿಸಿದೆ.
ಬಲಕ್ಕೆ ಸರಿಸಿದರೆ ಗಂಧದ ಚಕ್ಕೆ ಸಿಡಿದು
ಆನೆಯ ಕಿವಿ ಹೊರಬರುತ್ತದೆ.
ಎಡಕ್ಕೆ ಎಳೆದರೆ ನೆಲದ ಚಕ್ಕೆಗಳೆದ್ದು
ತಂತಮ್ಮ ಗಾಯಕ್ಕೆ ಮರಳಿ
ಮತ್ತೆ ಬರೀ ಕೊರಡು.

ಅವರು ನಗಲಿಲ್ಲ.
ಮೌಸನ್ನು ಉಳಿಯಂತೆ
ಹೆಬ್ಬೆರಳಲ್ಲಿ ಒತ್ತಿ ಹಿಡಿದು
ಸೀದಾ ನಲವತ್ತೊಂದಕ್ಕೆ ಹೋದರು,
ಸೊಂಡಿಲು ಮುರಿದ ಕಡೆ.
ಹಿಂದೆ. ಮುಂದೆ. ಇದೆ. ಇಲ್ಲ. ಇದೆ.
ಚಿತ್ರ ತಡವರಿಸಿ ನಿಂತಿತು.

"ಎಂತಾಯ್ತೇ ಫ್ಲೇವಿಯಾ?"
"ಒಂದು ಜಾಗ ಹುಡುಕಿ ಮುಗಿಸೋ ಮೊದಲೇ
ಇನ್ನೊಂದು ಕೇಳ್ತಿದ್ದೀವಿ.
ತಾಳು ಅಂತ ಒಂದು ಸಾಲು ಬರೀಬೇಕು."
"ಹ್ಞೂಂ," ಅಂದರು,
"ಅವತ್ತು ನನ್ನ ಕೈಗೂ ಯಾರೂ ಬರೀಲಿಲ್ಲ."

ಬರೆದೆ. ಈಗ ತಡವರಿಕೆಯಿಲ್ಲ.
ಅವರು ನಲವತ್ತರ ಆಚೆ, ನಲವತ್ತೊಂದರ ಈಚೆ
ಮೌಸ್ ಬಿಟ್ಟು ಕೈ ತೆಗೆದರು.
ಕಪಾಟಿನಲ್ಲಿ ಮಾರದೆ ಇಟ್ಟುಕೊಂಡ ಆನೆ
ಮೊಂಡು ಮುಖದಲ್ಲಿ ನೋಡುತ್ತಿತ್ತು.

ಚಹಾ ಬಂತು.
ಮೇಜು ಅಲುಗದಂತೆ
ಲೋಟ ನೆಲದ ಮೇಲಿಟ್ಟರು.