ಮೂರನೆಯ ದೂರು

ಹದಿನೇಳು ಮಾತ್ರೆ, ಜುಂಬೇರ್.
ನಾನು ಎಣಿಸಿ ತಟ್ಟೆಗೆ ಹಾಕುತ್ತೇನೆ, ನೀವು ಮತ್ತೆ ಎಣಿಸುತ್ತೀರಿ,
ಕುತಾಯಿಸಿಯ ಟ್ರಾಲಿಬಸ್ಸಿನಲ್ಲಿ ಚಿಲ್ಲರೆ ಎಣಿಸಿದ ಹಾಗೆ.

ಬಾಯಿ ತೆರೆಯಿರಿ. ನಾಲಿಗೆ ಎತ್ತಿ. ಇನ್ನೂ ಮೇಲಕ್ಕೆ.
ಅರವತ್ತೆರಡರ ಗಂಡಸಿನ ದವಡೆಯೊಳಗೆ
ಚಮಚದ ಹಿಡಿ ಇಟ್ಟು ಇಣುಕುವುದು
ನನಗೂ ಹಬ್ಬವಲ್ಲ.
ಆದರೆ ಮಾರ್ಚಿನಲ್ಲಿ ಕಿಟಕಿಯ ಜೆರೇನಿಯಂ ಬಾಡಿದಾಗ
ಕುಂಡ ಬೋರಲು ಹಾಕಿದವಳು ನಾನೇ:
ಬೇರಿನ ಸುತ್ತ ನಲವತ್ತೊಂದು,
ಕೆಲವು ಅರೆಕರಗಿ, ಕೆಲವು ಹಾಲುಹಲ್ಲಿನಷ್ಟು ಬೆಳ್ಳಗೆ.

ಆವತ್ತು ನೀವು ಲೋಟ ಎಸೆದಿರಿ. ನಾನು ದೂರು ಬರೆದೆ.
ನೀವೂ ಬರೆದಿರಿ: ಎತೆರಿ ಎಂಬಾಕೆ
ಹಿಮ ಬೀಳುವಾಗಲೂ ಕಿಟಕಿ ತೆರೆದಿಡುತ್ತಾಳೆ, ನಮ್ಮನ್ನು ಕೊಲ್ಲಲು.
ಎರಡನೆಯದು ಸಾರಿನ ಬಗ್ಗೆ.
ಸಾರು ನಾನು ಮಾಡುವುದಿಲ್ಲ.

ಕಿಟಕಿ. ಹದಿನಾಲ್ಕು ತಿಂಗಳು ಅದೊಂದೇ.
ನಾನು ತೆರೆದು ಕಾರಿಡಾರಿನ ತಿರುವು ದಾಟುವಷ್ಟರಲ್ಲಿ
ಚಿಲಕ ಬಿದ್ದ ಸದ್ದು.
'ನಿನ್ನ ಮನೇದು ತೆಗಿ ಹೋಗು.'
ನಾನು ನಿಮಗೆ 'ನೀವು' ಅನ್ನುವುದು ಮರ್ಯಾದೆಗಲ್ಲ,
ನಡುವೆ ಒಂದು ಮೇಜು ಇರಲಿ ಅಂತ.
ನಿಮ್ಮ 'ನೀನು' ಚಪ್ಪಲಿ ಕಾಲಲ್ಲೇ ಮೇಜು ಹತ್ತುತ್ತದೆ.

(ಮನೆಯಲ್ಲಿ ನಾನೂ ಕಿಟಕಿ ಮುಚ್ಚಿಯೇ ಮಲಗುವುದು.
ಅಬಸ್ತುಮಾನಿಯ ಚಳಿ. ಸೌದೆ ದುಬಾರಿ.)

ಪಕ್ಕದ ಹಾಸಿಗೆಯ ರೆವಾಜ್ ತೀರಿಕೊಂಡ ಬೆಳಿಗ್ಗೆ
ಹದಿನೇಳನ್ನೂ ನುಂಗಿ, ನಾನು ಕೇಳುವ ಮೊದಲೇ
ನಾಲಿಗೆ ಎತ್ತಿ ತೋರಿಸಿದಿರಿ.
ಮರುದಿನ ಮತ್ತೆ ಹದಿನಾಲ್ಕು.

ನಿನ್ನೆ ಡಾಕ್ಟರು ಕಾಗದ ಮುಂದಿಟ್ಟರು.
ಹಳೆಯ ಕ್ಯಾಲೆಂಡರಿನ ಹಿಂಬದಿ, ನಿಮ್ಮ ವಕ್ರ ಅಕ್ಷರ:
ರಾತ್ರಿ ಪಾಳಿಯ ಎತೆರಿ ಮೂರು ವಾರದಿಂದ ಕೆಮ್ಮುತ್ತಿದ್ದಾಳೆ.
ಎರಡು ಗಂಟೆಗೆ ಹೆಚ್ಚು, ನಾಲ್ಕಕ್ಕೆ ಕಡಿಮೆ.
ಮೆಟ್ಟಿಲ ಬಳಿ ನಿಂತು ಶಾಲಿನೊಳಗೆ ಕೆಮ್ಮುತ್ತಾಳೆ,
ಯಾರಿಗೂ ಕೇಳಿಸುವುದಿಲ್ಲ ಅಂದುಕೊಂಡು.
ಕಫ ಪರೀಕ್ಷೆ ಮಾಡಿಸಿ. ಅಲ್ಲಿಯ ತನಕ
ನಮಗೆ ಬೇರೆಯವರನ್ನು ಹಾಕಿ.

ಸಿಟ್ಟು ನೆತ್ತಿಗೇರಿತು.
ಎಷ್ಟು ರಾತ್ರಿ ಎಚ್ಚರವಿದ್ದು ಈ ಮನುಷ್ಯ
ನನ್ನ ಎದೆಯ ಲೆಕ್ಕ ಇಟ್ಟಿರಬೇಕು
ಅಂತ ಹೊಳೆದದ್ದು ಆಮೇಲೆ,
ಡಬ್ಬಿಯ ಚೀಟಿಯಲ್ಲಿ ನನ್ನದೇ ಹೆಸರು ಬರೆಯುವಾಗ.

ಇವತ್ತು ಗಾಜಿನ ಬಾಗಿಲಾಚೆ ನಿಂತಿದ್ದೇನೆ. ಫಲಿತಾಂಶ ಗುರುವಾರಕ್ಕೆ.
ಹೊಸ ನರ್ಸ್, ಚಿಕ್ಕವಳು,
ನಾಲಿಗೆ ಎತ್ತಿಸಲು ಮರೆತೇ ಮುಂದಿನ ಹಾಸಿಗೆಗೆ ಹೋದಳು.
ಕಿಟಕಿ ಅಷ್ಟಗಲ ತೆರೆದಿದೆ. ಅವಳಂತೂ ತೆಗೆದಿಲ್ಲ.
ನೀವು ನನ್ನತ್ತ ತಿರುಗಿದಿರಿ, ತುಟಿ ಬಿಗಿಹಿಡಿದು.

ಗಾಜಿಗೆ ಬೆರಳು ತಟ್ಟಿದೆ.
ಎಡ ದವಡೆ, ಕೊನೆಯ ಹಲ್ಲಿನ ಸಂದು.
ನನಗೆ ಗೊತ್ತು.
ನುಂಗು.