ತಿರುವಿ ಹಿಡಿದ ಐವತ್ತು

ಕೂಡ ತಂಗೀ, ಫ್ಯಾನಿನ ಕೆಳಗ ಕೂಡ.
ಗುಳೇದಗುಡ್ಡದ ಬಸ್ಸಿಳಿದು ನೇರ ನವನಗರದ ಈ ಸ್ಟುಡಿಯೋಕ್ಕ ಬಂದಿ ಅಂದರ
ರೊಕ್ಕ ಎಣಿಸಿಕೊಂಡ ಬಂದಿರಬೇಕು.
ಎಷ್ಟೈತಿ ಅಂತ ಈಗ ಹೇಳಬ್ಯಾಡ.
ಕೇಳಿದ ಮ್ಯಾಲ ನನ್ನ ಬಾಯಿ
ಅಂಗಡಿಯವನ ಬಾಯಿ ಆಗತೈತಿ.

ಕಪಾಟಿನಾಗ ನೋಡು, ಇದು ಎಂಬತ್ತೈದು.
ಮದುಮಗಳ ಮುಖ ಒಂದ ಹಿಡಿದು
ಹಿಂದಿನ ಪ್ಲಾಸ್ಟಿಕ್ ಕುರ್ಚಿ, ಮುನಿಸಿಕೊಂಡ ಬೀಗರು
ಎಲ್ಲಾನೂ ಬೆಣ್ಣಿ ಕರಗಿಸಿದಂಗ ಕರಗಿಸತೈತಿ.
ನನ್ನ ಹೊಟ್ಟಿ ಹೊರೆಯೋದು ಇದ.
ಆದರ ಹತ್ತು ಹೆಜ್ಜಿ ಹಿಂದ ಸರೀಬೇಕು,
ಹಿಂದ ಅಡಿಗಿ ಒಲಿ ಇರತೈತಿ.
ಎರಡು ಸಲ ಸುಟ್ಟಕೊಂಡೇನಿ.

ಈ ಜೂಮಿನ ಉಂಗುರ ತಿರುವು.
ಕರಕರ ಅಂತೈತಲ್ಲ,
ಅದು ಬನಹಟ್ಟಿಯ ಯಾರದೋ ಮದುವಿ ಅರಿಷಿಣ.

ಇದು ಬೆಳಗಾವಿಯಿಂದ ಬಂದ ಸೆಕೆಂಡ್‌ಹ್ಯಾಂಡು.
ಬ್ಯಾಟರಿ ಬಿಟ್ಟು ನೋಡು, ಗಾಜಿನೊಳಗ ಬಲಿ ನೇಯ್ದಂಗ ಬೂಷ್ಟು.
ಅಲ್ಲಿಯ ಮಳಿ ಒಳಗ ಕುಂತೈತಿ.
ಮಾರಿದವ ಹೇಳಲಿಲ್ಲ, ನಾನೂ ಕೇಳಲಿಲ್ಲ.
ನಿನಗ ಹೇಳತೀನಿ.

ದಿನದ ಬಾಳೇಕ್ಕ ನಿನ್ನ ಫೋನೇ ಸಾಕವಾ.
ಕೂಸು ನಕ್ಕಾಗ ಚೀಲ ಬಿಚ್ಚಿ ಮುಚ್ಚಳ ತೆಗೆಯೋದರಾಗ
ಅದು ಅಳಾಕ ಹತ್ತಿರತೈತಿ.
ಆದರ ನೀ ಅಂದಿ,
ಫೋನು ನಮ್ಮ ಖಣದ ಬಣ್ಣಕ್ಕ ಸುಳ್ಳು ಹೇಳತೈತಿ,
ಕುಂಕುಮದ ಕೆಂಪು ಕಳಿಸಿದರ ಟೊಮೇಟೊ ಕೆಂಪು ಮುಟ್ಟತೈತಿ,
ಮೂರು ವಾಪಸ ಬಂದಾವು,
ಎಳಿ ಎಳಿ ಕಾಣಬೇಕು ಅಂತ.

ಹಂಗಾರ ಒಂದು ಮಾತು ಕೇಳು.

ಹಳೇ ಊರಿಗೆ ಹಿನ್ನೀರು ಬರೋ ಮುಂದ
ನಮ್ಮಪ್ಪ ಮನಿಗಳ ಫೋಟೋ ತೆಗೀತಿದ್ದ, ಪರಿಹಾರದ ಫೈಲಿಗೆ.
ನಾನು ಸ್ಲೇಟು ಹಿಡಿಯೋ ಹುಡುಗ.
ನಂಬರು ಬರಿ, ಅಳಸು, ಮತ್ತ ಬರಿ.
ಎಲ್ಲಾರೂ ಅಪ್ಪನ ಕಿವಿಯಾಗ ಒಂದ ಮಾತು:
ಆ ಅಗಲಂದು ಹಾಕ್ರಿ, ಮನಿ ದೊಡ್ಡದು ಕಾಣಲಿ.
ಇಪ್ಪತ್ತೆಂಟರ ಲೆನ್ಸಿನಾಗ ಎರಡು ಖಣದ ಮನಿ
(ಆ ಖಣ ಬ್ಯಾರೆ, ನಿನ್ನ ಖಣ ಬ್ಯಾರೆ)
ದೇಸಾಯರ ವಾಡೇದಂಗ ಕೈಕಾಲು ಚಾಚತಿತ್ತು.
ಸರಕಾರ ಅಳಿಯೋದು ಟೇಪು ಹಿಡಿದು, ಫೋಟೋ ನೋಡಿ ಅಲ್ಲ.
ಅಪ್ಪಗ ಗೊತ್ತಿತ್ತು.
ಆದರೂ ಹಾಕತಿದ್ದ.

ಹಸೀನಾಬಿ ಬಾಗವಾನ ಒಬ್ಬಾಕಿ ಬ್ಯಾಡ ಅಂದಳು.
ಬಾಗಿಲ ಹಿಂದ ಕರಕೊಂಡು ಹೋದಳು.
ಗ್ವಾಡಿ ಮ್ಯಾಲ ಇದ್ದಲಿ ಗೀಟು,
ನಾಲ್ಕು ನಿಂತಾವು, ಒಂದು ಅಡ್ಡ,
ನಾಲ್ಕು ನಿಂತಾವು, ಒಂದು ಅಡ್ಡ.
ಪ್ಯಾರಲ ಬುಟ್ಟಿ ಲೆಕ್ಕ.
ಸಾಲಿ ಮೆಟ್ಟಲ ಹತ್ತದ ಗಂಡ ಬಿಟ್ಟುಹೋದ ಕೈಬರಹ ಅಷ್ಟ.
ಕಡೀ ಸಾಲಿನಾಗ ಮೂರ ಗೀಟು.
ಇವು ಮೂರು ತೆಗೀರಿ ಅಂದಳು.

ಅಷ್ಟು ಹತ್ತರ ಹೋದರ ಅಪ್ಪನ ಲೆನ್ಸು ಕುರುಡು.
ಒಂದೀಟು ನಿಂತ.
ಆಮ್ಯಾಲ ಐವತ್ತರದು ಬಿಚ್ಚಿ, ಹಿಂದಮುಂದ ತಿರುವಿ,
ಕ್ಯಾಮೆರಾದ ಬಾಯಿಗೆ ಬೆರಳಿಲೆ ಒತ್ತಿ ಹಿಡಿದ.
ನಾನು ಸ್ಲೇಟು ಇಟ್ಟು ಕನ್ನಡಿ ಹಿಡಿದೆ,
ಅಂಗಳದ ಬಿಸಿಲು ಒಳಗ ತರಾಕ.
ಮೂರು ಗೀಟು, ಸುಣ್ಣದ ಬಿರುಕು,
ಇದ್ದಲಿ ಜಾರಿದಲ್ಲಿ ಹೆಬ್ಬೆರಳ ಅರ್ಧ ಗುರುತು.

ಸಾಹೇಬರು ಫೈಲು ತೆರೆದು ಕೇಳಿದರು:
ಇದರಾಗ ಮನಿ ಎಲ್ಲೈತ್ರೀ?
ಅಪ್ಪ ಏನೂ ಅನ್ನಲಿಲ್ಲ,
ಮರುದಿನ ಹೋಗಿ ಅಗಲಂದು ತೆಗೆದ.
ಆ ಪ್ರಿಂಟು ಹಸೀನಾಬಿ ಒಯ್ದಳು.
ರೊಕ್ಕ ಕೊಟ್ಟಳೋ ಇಲ್ಲೋ ನೆಪ್ಪಿಲ್ಲ,
ನನಗ ಒಂದು ಪ್ಯಾರಲ ಕೊಟ್ಟಿದ್ದು ನೆಪ್ಪೈತಿ. ದೋರಗಾಯಿ.

ತಗೋ, ಈ ಐವತ್ತು ತಗೋ.
ಪ್ಲಾಸ್ಟಿಕ್ ಮೈ, ಇದ್ದುದರಾಗ ಅಗ್ಗ.
ತಿರುವಿ ಸಿಗಿಸೋ ರಿಂಗು ಈಗ ಪ್ಯಾಟ್ಯಾಗ ಸಿಗತೈತಿ,
ಬೆರಳು ನೋಯಿಸಿಕೋಬ್ಯಾಡ.
ಬಿಸಿಲಾಗ ಅಲ್ಲ, ಕಿಡಕಿ ಪಕ್ಕಕ್ಕ ಹಾಸು,
ಬಾಜೂಕ ಒಂದು ಬಿಳಿ ಹಾಳಿ ಇಡು,
ಬಿಳಿ ಯಾವುದು ಅಂತ ತಿಳಿದರ
ಕೆಂಪು ತನ್ನಿಂದ ತಾನ ದಾರಿಗೆ ಬರತೈತಿ.

ಚೀಲದಾಗ ಖಣ ಐತೇನು? ಬಿಚ್ಚು, ನೋಡೋಣ.
ಇರು,
ಫ್ಯಾನು ಬಂದ್ ಮಾಡತೀನಿ.