ಬೆಸ, ಸಮ

ಪಿನ್‌ಫೋಲ್ಡ್ ಬೀದಿಯ ನಟ್ಟನಡುವೆ
ಗಡಿ ಆಯೋಗದವರು ಗೆರೆ ಎಳೆದಿದ್ದಾರೆ.
ಬೆಸ ನಂಬರಿನ ಮನೆಗಳು ಇನ್ನು ಪೂರ್ವ ಕ್ಷೇತ್ರಕ್ಕೆ,
ಸಮ ನಂಬರಿನವು ಇದ್ದಲ್ಲೇ.
ಎಪ್ಪತ್ಮೂರು ಸಾವಿರದ ಲೆಕ್ಕ ಸರಿದೂಗಿಸಲು
ಬೀದಿಯ ಮೂವತ್ತೆಂಟು ತಲೆ ಆಚೆ ತಟ್ಟೆಗೆ ಬಿದ್ದವು,
ತೂಕಕ್ಕೆಂದು ಕೊನೆಯಲ್ಲಿ ಎಸೆವ ಸಣ್ಣ ಆಲೂಗಡ್ಡೆಯ ಹಾಗೆ.

ಕಾಗದ ಹಂಚಿದವನು ನಾನೇ, ಅಂಚೆಯವ.
ಲಂಡನ್ನಿನ ಯಾವ ಮೇಜಿನ ಮೇಲೋ
ನಕ್ಷೆ ಬಿಚ್ಚಿದ ಮಹರಾಯನಿಗೆ ಗೊತ್ತಿರಲಿಕ್ಕಿಲ್ಲ,
ಗೆರೆ ಇಲ್ಲಿ ಮೊದಲೇ ಇತ್ತು.

ಗಣಿ ಮುಷ್ಕರದ ವರ್ಷ, ನವೆಂಬರ್,
ಹದಿನಾಲ್ಕನೇ ಮನೆಯ ವಿಲ್ಫ್ ಹ್ಯಾಲಮ್
ಕಿಟಕಿಗೆ ಜಾಲರಿ ಬಿಗಿದ ಬಸ್ಸು ಹತ್ತಿ ಕೆಲಸಕ್ಕೆ ಹೋದ.
ಎದುರಿನ ಹದಿನೇಳರಲ್ಲಿ ಸಿರಿಲ್ ಬೆಕ್ಸ್‌ಟನ್
ಪರದೆ ಎಳೆದ.
ನಲವತ್ತು ವರ್ಷ. ಗಣಿ ಹೋಯಿತು,
ಅದರ ಜಾಗಕ್ಕೆ ಬೂಟಿನ ಗೋದಾಮು ಬಂತು,
ವಿಲ್ಫನ ಹೆಂಡತಿ ಸತ್ತಳು; ಸಿರಿಲ್
ಹೆಸರು ಬರೆಯದೆ ಹೂವು ಕಳಿಸಿದ ಅನ್ನುತ್ತಾರೆ.
ಅಂದವರು ಯಾರೂ ಕಂಡವರಲ್ಲ.

ಮತದಾನದ ಬೆಳಿಗ್ಗೆ ಇಬ್ಬರೂ ಕೋಟು ತೊಟ್ಟು ಹೊರಟರು.
ವಿಲ್ಫ್ ಇಳಿಜಾರಿಗೆ, ಶಾಲೆಯ ಕಡೆ.
ಸಿರಿಲ್ ಏರು ಹತ್ತಿ ಮೆಥಡಿಸ್ಟ್ ಹಾಲಿಗೆ.
ಮೊದಲಾದರೆ ಒಂದೇ ಸಾಲು;
ಒಬ್ಬ ಇನ್ನೊಬ್ಬನ ಬೆನ್ನು ನೋಡುತ್ತ ನಿಲ್ಲುತ್ತಿದ್ದ.
ಅಷ್ಟಾದರೂ ಇತ್ತು.

ಅರ್ಧ ಏರಿನಲ್ಲಿ ಸಿರಿಲ್ ನಿಂತ.
ದಮ್ಮು, ಕಲ್ಲಿದ್ದಲು ಕೊಟ್ಟದ್ದು.
ನನ್ನ ಚೀಲ ನೋಡಿದ, ನನ್ನನ್ನಲ್ಲ.
"ಆ ಕಡೆ," ಅಂದ, ಕೋಲು ಎತ್ತದೆ,
"ಅವನಿಗೆ ಯಾರು ನಿಂತಿದ್ದಾರೆ ಈ ಸಲ?"